ನಾಯಿ ನಿಂತ ಮೇಲೆ: ಮಿಶಿಗನ್ ಕಾಡಿನಲ್ಲಿ ವುಡ್‌ಕಾಕ್ ವಸಂತ

ಮೊದಲು ಹಕ್ಕಿಯ ಪರಿಚಯ ಮಾಡಿಕೊಳ್ಳೋಣ. ನಾಯಿಯ ಮಾತು, ಪಂದ್ಯದ ಮಾತು ಎಲ್ಲವೂ ಆಮೇಲೆ ಈ ಹಕ್ಕಿಯ ಸುತ್ತಲೇ ತಿರುಗುತ್ತವೆ. ಊರಿನಲ್ಲಿ ಗದ್ದೆಯಂಚಿನ ಕೆಸರಲ್ಲಿ ಉದ್ದ ಕೊಕ್ಕಿನ ಸ್ನೈಪ್ ನೋಡಿದವರು ನಿಮ್ಮಲ್ಲಿ ಇರಬಹುದು. ಅದನ್ನೇ ಇನ್ನಷ್ಟು ದಪ್ಪ ಮಾಡಿ, ಕುತ್ತಿಗೆಯೇ ಇಲ್ಲವೇನೋ ಅನ್ನುವಷ್ಟು ಗುಂಡಗೆ ಮಾಡಿ, ಗದ್ದೆಯಿಂದ ಎತ್ತಿ ಕಾಡಿನ ತರಗೆಲೆಯ ಮೇಲೆ ಕೂರಿಸಿದರೆ ಅದೇ ವುಡ್‌ಕಾಕ್. ಇಲ್ಲಿ, ಅಂದರೆ ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಇರುವುದು ಅಮೆರಿಕನ್ ವುಡ್‌ಕಾಕ್. ಗಂಡು ಸುಮಾರು 170 ಗ್ರಾಂ, ಹೆಣ್ಣು 200 ಗ್ರಾಂ ಆಸುಪಾಸು. ಇದರ ದೊಡ್ಡ ಸಂಬಂಧಿ ಯುರೇಷಿಯನ್ ವುಡ್‌ಕಾಕ್ ಹಿಮಾಲಯದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನೀಲಗಿರಿ ಮತ್ತು ಪಶ್ಚಿಮ ಘಟ್ಟದ ಎತ್ತರದ ಕಾಡುಗಳವರೆಗೂ ಇಳಿದು ಬರುತ್ತದೆ. ಹಾಗಾಗಿ ಈ ಹಕ್ಕಿಯ ಕುಲ ನಮಗೆ ಪೂರ್ತಿ ಹೊಸದೇನಲ್ಲ.

ಇದರ ಮುಖ್ಯ ಊಟ ಎರೆಹುಳು. ಕೊಕ್ಕನ್ನು ಬುಡದವರೆಗೆ ಮಣ್ಣಿಗೆ ಇಳಿಸಿ, ಬಾಯಿ ಪೂರ್ತಿ ತೆರೆಯದೆ ಮೇಲ್ಕೊಕ್ಕಿನ ತುದಿಯನ್ನು ಮಾತ್ರ ಎತ್ತಿ ಹುಳುವನ್ನು ಹಿಡಿಯುತ್ತದೆ. ಕಣ್ಣು ತಲೆಯ ಹಿಂಭಾಗದಲ್ಲಿ, ಮೇಲಕ್ಕೆ ಇದೆ. ಕೊಕ್ಕು ಮಣ್ಣಿನೊಳಗೆ ಇದ್ದಾಗಲೂ ಹಿಂದೆ, ಮುಂದೆ, ಮೇಲೆ ಏನು ಬರುತ್ತಿದೆ ಎಂದು ಕಾಣುತ್ತದೆ. ಅಪಾಯ ಬಂದರೆ ಓಡುವುದಕ್ಕಿಂತ ಕದಲದೆ ಕೂರುವುದೇ ಇದರ ಮೊದಲ ಉಪಾಯ. ಮೈಬಣ್ಣ ಒಣಗೆಲೆಯದೇ ಬಣ್ಣ. ಮೂರು ಅಡಿ ದೂರದಲ್ಲಿ ಕೂತಿದ್ದರೂ ಅಭ್ಯಾಸವಿಲ್ಲದ ಕಣ್ಣಿಗೆ ಕಾಣುವುದಿಲ್ಲ. ಮನುಷ್ಯನ ಕಣ್ಣು ಸೋಲುವ ಈ ಜಾಗದಲ್ಲೇ ನಾಯಿಯ ಮೂಗು ಬೇಕಾಗುತ್ತದೆ.

ಇಲ್ಲಿನ ವಸಂತದ ಲೆಕ್ಕ ಹೀಗಿದೆ. ಮಾರ್ಚ್ ಮಧ್ಯದ ಹೊತ್ತಿಗೆ, ಮರದ ಬುಡದಲ್ಲಿ ಇನ್ನೂ ಹಿಮ ಇರುವಾಗಲೇ, ದಕ್ಷಿಣದಿಂದ ಹಕ್ಕಿ ವಾಪಸು ಬರುತ್ತದೆ. ಏಪ್ರಿಲ್‌ನಲ್ಲಿ ಫೀಲ್ಡ್ ಟ್ರಯಲ್ ಎಂದು ಕರೆಯುವ ನಾಯಿ ಪಂದ್ಯಗಳು ನಡೆಯುತ್ತವೆ. ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ವುಡ್‌ಕಾಕ್ ಮರಿಗಳನ್ನು ಹಿಡಿದು, ಕಾಲಿಗೆ ಸಂಖ್ಯೆಯಿರುವ ಗುರುತಿನ ಉಂಗುರ ಹಾಕಿ ಬಿಡುವ ಕಾಲ. ಜೂನ್ ಬರುವಷ್ಟರಲ್ಲಿ ಜರೀಗಿಡ ಮೊಣಕಾಲಿನವರೆಗೆ ಬೆಳೆದು ನೆಲವೇ ಕಾಣದಂತಾಗುತ್ತದೆ, ಮರಿಗಳೂ ಹಾರಲು ಕಲಿತಿರುತ್ತವೆ. ಕೆಲಸ ಅಲ್ಲಿಗೆ ಮುಗಿಯುತ್ತದೆ. ಹತ್ತು ಹನ್ನೊಂದು ವಾರ, ಅಷ್ಟೇ.

ನಾಯಿಯನ್ನು ಇಳಿಸುವ ಮೊದಲು ಸಂಜೆಗಳಲ್ಲಿ ಬರಿಗೈಯಲ್ಲಿ ಹೋಗಿ ಕೇಳಬೇಕು. ಸೂರ್ಯ ಮುಳುಗಿದ ಮೇಲೆ ಗಂಡು ಹಕ್ಕಿ ಪೊದೆಯಿಂದ ಬಯಲಿಗೆ ಬಂದು ನೆಲದ ಮೇಲೆ ಕೂತು ಮೂಗಿನಲ್ಲಿ ಕೂಗಿದ ಹಾಗೆ ‘ಪೀಂಟ್’ ಅನ್ನುತ್ತದೆ. ಒಂದಷ್ಟು ಸಲ ಕೂಗಿ, ಎದ್ದು, ಸುರುಳಿ ಸುತ್ತುತ್ತಾ ಸುಮಾರು 300 ಅಡಿ ಎತ್ತರಕ್ಕೆ ಏರುತ್ತದೆ. ಏರುವಾಗ ಕೇಳುವ ಕಿಲಕಿಲ ಸದ್ದು ಗಂಟಲಿನದಲ್ಲ. ರೆಕ್ಕೆಯ ಹೊರಗಿನ ಮೂರು ಗರಿಗಳು ಸಪೂರವಾಗಿವೆ, ಗಾಳಿ ಅವುಗಳ ನಡುವೆ ನುಗ್ಗಿ ಆ ಸದ್ದು ಬರುತ್ತದೆ. ಇಳಿಯುವಾಗ ಬಾಯಲ್ಲಿ ಚಿಲಿಪಿಲಿ ಮಾಡುತ್ತಾ ಎದ್ದ ಜಾಗಕ್ಕೇ ಬಂದು ಕೂರುತ್ತದೆ. ಈ ಕೂಗನ್ನು ಎಣಿಸುವುದೇ ದೊಡ್ಡ ಗಣತಿ. 1968ರಿಂದ ಅಮೆರಿಕ ಮತ್ತು ಕೆನಡಾದಲ್ಲಿ ಒಂದೇ ಕ್ರಮದಲ್ಲಿ ನಡೆಯುತ್ತಿದೆ. 3.6 ಮೈಲಿ ದಾರಿ, 10 ನಿಲುಗಡೆ, ಪ್ರತಿ ನಿಲುಗಡೆಯಲ್ಲಿ 2 ನಿಮಿಷ. ಆಕಾಶ ತಿಳಿಯಾಗಿದ್ದರೆ ಸೂರ್ಯಾಸ್ತವಾದ 22 ನಿಮಿಷಕ್ಕೆ ಶುರು, ಮೋಡ ಇದ್ದರೆ 15 ನಿಮಿಷಕ್ಕೇ ಶುರು, ಏಕೆಂದರೆ ಹಕ್ಕಿ ನೋಡುವುದು ಗಡಿಯಾರವನ್ನಲ್ಲ, ಬೆಳಕನ್ನು. ಅಂದಿನಿಂದ ಇಂದಿನವರೆಗೆ ಲೆಕ್ಕ ಇಳಿಮುಖವಾಗಿದೆ. ಮುಖ್ಯ ಕಾರಣ ಕಾಡು ಮುದಿಯಾಗಿರುವುದು. ಈ ಹಕ್ಕಿಗೆ ಬೇಕಾದದ್ದು ಕಡಿದ ಮೇಲೆ ಮತ್ತೆ ಚಿಗುರಿದ ಎಳೆಯ ಆಸ್ಪೆನ್, ಆಲ್ಡರ್ ಪೊದೆ, ಪಾಳು ಬಿದ್ದ ಹಳೆಯ ಹೊಲದಂಚು. ಎತ್ತರದ ಮರದ ನೆರಳಿನ ಕಾಡು ನೋಡಲು ಚೆಂದ, ಈ ಹಕ್ಕಿಗೆ ಉಪಯೋಗವಿಲ್ಲ.

ಗಂಡು ಕೂಗುವ ಬಯಲನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಹೆಣ್ಣು ಗೂಡು ಕಟ್ಟುವುದು ಸಾಮಾನ್ಯವಾಗಿ ಅಂಥ ಬಯಲಿನ ಹತ್ತಿರದ ಪೊದೆಯಲ್ಲೇ. ಹಗಲು ಅಲ್ಲಿ ನಡೆದರೆ ಎರಡು ಕುರುಹು ಕಾಣಬೇಕು. ಒಂದು, ಎಲೆಯ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಹಿಕ್ಕೆ. ಇನ್ನೊಂದು, ಹಸಿ ಮಣ್ಣಿನಲ್ಲಿ ಪೆನ್ಸಿಲ್ ಚುಚ್ಚಿ ತೆಗೆದಂತೆ ಸಣ್ಣ ತೂತುಗಳ ಗುಂಪು. ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಎರೆಹುಳು ಆಳಕ್ಕೆ ಇಳಿದಿರುತ್ತದೆ, ಹಕ್ಕಿಯೂ ಅಲ್ಲಿ ಇರುವುದಿಲ್ಲ. ಅಂಥ ಕಡೆ ನಾಯಿಯನ್ನು ದಣಿಸಬೇಡಿ.

ಈಗ ನಾಯಿ. ನಮ್ಮ ಮುಧೋಳ ನಾಯಿಯನ್ನು ನೆನಪು ಮಾಡಿಕೊಳ್ಳಿ. ಅದು ಕಣ್ಣಿನ ನಾಯಿ. ಬಯಲಿನಲ್ಲಿ ಮೊಲ ಕಂಡರೆ ಸಾಕು, ಬಾಣದ ಹಾಗೆ ಹೋಗುತ್ತದೆ, ಅದರ ಹೆಮ್ಮೆಯೆಲ್ಲ ಆ ಓಟದಲ್ಲೇ ಇದೆ. ಪಾಯಿಂಟಿಂಗ್ ನಾಯಿ ಇದಕ್ಕೆ ಪೂರ್ತಿ ವಿರುದ್ಧ. ಇಂಗ್ಲಿಷ್ ಸೆಟರ್, ಪಾಯಿಂಟರ್, ಬ್ರಿಟನಿ, ಜರ್ಮನ್ ಶಾರ್ಟ್‌ಹೇರ್ ಇವೆಲ್ಲ ಮೂಗಿನ ನಾಯಿಗಳು. ಗಾಳಿಗೆ ಎದುರಾಗಿ ಆಚೀಚೆ ಹುಡುಕುತ್ತಾ ಹೋಗಿ, ಹಕ್ಕಿಯ ಮೈವಾಸನೆ ಗಾಳಿಯಲ್ಲಿ ಸಿಕ್ಕಿದ ಕ್ಷಣಕ್ಕೆ ನಿಂತುಬಿಡುತ್ತವೆ. ಒಂದು ಕಾಲು ಎತ್ತಿದ್ದರೆ ಎತ್ತಿದ ಹಾಗೇ. ಈ ನಿಲುವಿಗೇ ‘ಪಾಯಿಂಟ್’ ಎನ್ನುವುದು. ಎಷ್ಟೋ ತಲೆಮಾರಿನ ಆಯ್ಕೆಯಿಂದ, ಬೇಟೆಯ ಮೇಲೆ ನೆಗೆಯುವ ಮುಂಚಿನ ಆ ಒಂದು ಗಳಿಗೆಯ ನಿಲುವನ್ನೇ ಹಿಗ್ಗಿಸಿ ಹಿಗ್ಗಿಸಿ ಈ ತಳಿಗಳನ್ನು ಮಾಡಿದ್ದಾರೆ. ನಿಲ್ಲುವ ಬಯಕೆ ರಕ್ತದಲ್ಲಿ ಬರುತ್ತದೆ. ನಿಂತೇ ಇರುವುದನ್ನು ನಾವು ಕಲಿಸಬೇಕು.

ಕಲಿಸುವ ಕ್ರಮ ಅಂಗಳದಿಂದ ಶುರುವಾಗುತ್ತದೆ, ಕಾಡಿನಿಂದ ಅಲ್ಲ. ನಾಯಿಯನ್ನು ಒಂದು ಹಲಗೆಯ ಮೇಲೋ ಮಲಗಿಸಿಟ್ಟ ಪೀಪಾಯಿಯ ಮೇಲೋ ನಿಲ್ಲಿಸಿ ‘ವೋ’ ಅನ್ನುವ ಒಂದೇ ಶಬ್ದ. ಮೊದಲ ದಿನ ಐದು ಸೆಕೆಂಡು ನಿಂತರೆ ಸಾಕು. ಆಮೇಲೆ 20–30 ಅಡಿ ಹಗ್ಗ ಕಟ್ಟಿ ನೆಲದ ಮೇಲೆ. ಆಮೇಲೆ ನೀವು ಅದರ ಮುಂದೆ ನಡೆದಾಡುವಾಗ, ಬಗ್ಗುವಾಗ, ಕೈ ಬೀಸುವಾಗ. ಆಮೇಲೆ ಗುಂಡಿ ಒತ್ತಿದರೆ ತೆರೆಯುವ ಪೆಟ್ಟಿಗೆಯಲ್ಲಿ ಪಾರಿವಾಳ ಇಟ್ಟು, ನಾಯಿ ವಾಸನೆ ಹಿಡಿದು ನಿಂತ ಮೇಲೆ ಪಾರಿವಾಳ ಹಾರಿಸಿ. ನಾಯಿ ಒಂದು ಹೆಜ್ಜೆ ಮುಂದಿಟ್ಟರೆ ಕೂಗಾಡಬೇಡಿ, ಎತ್ತಿಕೊಂಡು ಹೋಗಿ ಮೊದಲು ನಿಂತ ಜಾಗದಲ್ಲೇ ಮತ್ತೆ ನಿಲ್ಲಿಸಿ. ಇದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ನಾಯಿ ಪಾಯಿಂಟ್‌ನಲ್ಲಿ ನಿಂತಿರುವಾಗಲೇ ‘ವೋ, ವೋ’ ಎಂದು ಪದೇಪದೇ ಹೇಳುವುದು. ನಿಂತಿರುವ ನಾಯಿಗೆ ನಿಲ್ಲು ಎನ್ನುವುದರಿಂದ ಶಬ್ದ ಬೆಲೆ ಕಳೆದುಕೊಳ್ಳುತ್ತದೆ. ನಾಯಿಗೂ ಅನುಮಾನ ಹುಟ್ಟುತ್ತದೆ. ಅದು ಸರಿಯಾಗಿ ಮಾಡುತ್ತಿರುವಾಗ ನಾವು ಬಾಯಿ ಮುಚ್ಚಿಕೊಂಡಿರಬೇಕು.

ಪಂದ್ಯದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಈ ರಾಜ್ಯದ ಗ್ಲ್ಯಾಡ್ವಿನ್ ಕೌಂಟಿಯಲ್ಲಿ ಫೀಲ್ಡ್ ಟ್ರಯಲ್‌ಗೆಂದೇ ಗುರುತಿಸಿದ ಸರ್ಕಾರಿ ಕಾಡಿದೆ. ಇಲ್ಲಿನ ಪಂದ್ಯದ ವಿಶೇಷವೆಂದರೆ ಪಂಜರದ ಹಕ್ಕಿ ತಂದು ಬಿಡುವುದಿಲ್ಲ. ಕಾಡಿನಲ್ಲೇ ಇರುವ ರಫ್ಡ್ ಗ್ರೌಸ್ ಎಂಬ ಕೋಳಿಯಂಥ ಹಕ್ಕಿ ಮತ್ತು ವುಡ್‌ಕಾಕ್ ಮೇಲೆಯೇ ಓಟ. ಎರಡೆರಡು ನಾಯಿಗಳನ್ನು ಜೋಡಿ ಮಾಡಿ ಒಟ್ಟಿಗೆ ಬಿಡುತ್ತಾರೆ. ಯಜಮಾನರು, ತೀರ್ಪುಗಾರರು ಎಲ್ಲರೂ ನಡೆದೇ ಹೋಗುತ್ತಾರೆ. ಸಣ್ಣ ಪಂದ್ಯ ಅರ್ಧ ಗಂಟೆ, ಚಾಂಪಿಯನ್‌ಷಿಪ್ ಒಂದು ಗಂಟೆ. ಮರಿನಾಯಿಗಳಿಗೆ, ಎರಡು ವರ್ಷದೊಳಗಿನ ಪ್ರಾಯದ ನಾಯಿಗಳಿಗೆ, ಪಳಗಿದ ನಾಯಿಗಳಿಗೆ ಬೇರೆಬೇರೆ ವರ್ಗಗಳಿವೆ.

ಪಳಗಿದ ನಾಯಿಯಿಂದ ಏನನ್ನು ಬಯಸುತ್ತಾರೆ ಎನ್ನುವುದನ್ನು ಗಮನಿಸಿ. ಕೊರಳ ಗಂಟೆಯ ಸದ್ದು ನಿಂತರೆ ನಾಯಿ ಪಾಯಿಂಟ್ ಮಾಡಿದೆ ಎಂದು ಅರ್ಥ. ಯಜಮಾನ ‘ಪಾಯಿಂಟ್’ ಎಂದು ಕೂಗಿ, ನಾಯಿಯ ಮುಂದೆ ಹೋಗಿ, ಪೊದೆ ಒದ್ದು ಹಕ್ಕಿಯನ್ನು ಎಬ್ಬಿಸಿ, ಸದ್ದು ಮಾತ್ರ ಮಾಡುವ ಪಿಸ್ತೂಲಿನಿಂದ ಒಂದು ಢಂ ಅನ್ನಿಸುತ್ತಾನೆ. ಹಕ್ಕಿ ಎದ್ದಾಗಲೂ, ಸದ್ದಾದಾಗಲೂ ನಾಯಿ ಕದಲಕೂಡದು. ಬೆನ್ನಟ್ಟಿದರೆ ಅಂದಿನ ಓಟ ಮುಗಿಯಿತು. ಜೊತೆಯ ನಾಯಿ ಪಾಯಿಂಟ್ ಮಾಡಿದ್ದನ್ನು ಕಂಡರೆ ತಾನೂ ಹಿಂದೆಯೇ ನಿಂತು ಅದಕ್ಕೆ ಮರ್ಯಾದೆ ಕೊಡಬೇಕು. ಹಕ್ಕಿಯೇ ಇಲ್ಲದ ಕಡೆ ನಿಂತು ನಿಂತು ಸುಳ್ಳು ಪಾಯಿಂಟ್ ಕೊಟ್ಟರೆ ನಾಯಿಯ ಹೆಸರು ಇಳಿಯುತ್ತದೆ. ಇಷ್ಟರ ಜೊತೆಗೆ ವೇಗ, ದೂರ ಹೋಗಿ ಹುಡುಕುವ ಧೈರ್ಯ, ನಿಂತ ಭಂಗಿಯ ಅಂದ. ಅಂಕಪಟ್ಟಿ ಇಲ್ಲ. ಆ ದಿನ ಓಡಿದ ನಾಯಿಗಳಲ್ಲಿ ಯಾವುದು ಮನಸ್ಸಿನಲ್ಲಿ ಉಳಿಯಿತು ಎನ್ನುವುದನ್ನು ಇಬ್ಬರು ತೀರ್ಪುಗಾರರು ಕೂತು ನಿರ್ಧರಿಸುತ್ತಾರೆ.

ಪಂದ್ಯ ಗೆಲ್ಲುವ ನಾಯಿಯು ಹಕ್ಕಿಮರಿ ಹುಡುಕಲು ತಾನಾಗಿಯೇ ಯೋಗ್ಯ ಎಂದುಕೊಳ್ಳಬೇಡಿ. ಪಂದ್ಯದಲ್ಲಿ 150 ಗಜ ದೂರದ ಪಾಯಿಂಟ್‌ಗೆ ಎಲ್ಲರೂ ತಲೆದೂಗುತ್ತಾರೆ. ಮರಿಗಳ ಕಾಲದಲ್ಲಿ ಅದೇ 150 ಗಜ ಅಪಾಯ. ನೀವು ಪೊದೆ ಸೀಳಿಕೊಂಡು ಅಲ್ಲಿಗೆ ತಲುಪುವಷ್ಟರಲ್ಲಿ ತಾಯಿ ಎದ್ದು ಹೋಗಿರುತ್ತದೆ, ನಾಯಿ ಒಂಟಿಯಾಗಿ ಮರಿಗಳ ನಡುವೆ ನಿಂತಿರುತ್ತದೆ. ಮರಿಗಳ ಕೆಲಸಕ್ಕೆ ನಾಯಿ 40–50 ಗಜದೊಳಗೆ ಇರಬೇಕು, ನಿಧಾನವಾಗಿ ಹುಡುಕಬೇಕು, ಹದಿನೈದು ಇಪ್ಪತ್ತು ನಿಮಿಷ ನಿಂತೇ ಇರಬೇಕು. ಒಂದೇ ನಾಯಿ ಎರಡನ್ನೂ ಮಾಡಬಲ್ಲದು. ಆದರೆ ಅದಕ್ಕೆ ಈವತ್ತು ಯಾವ ಕೆಲಸ ಎಂದು ಗೊತ್ತಾಗುವಂತೆ ಮಾಡಬೇಕು: ಪಂದ್ಯಕ್ಕೆ ಒಂದು ಕೊರಳಪಟ್ಟಿ, ಒಂದು ಗಂಟೆ, ಮರಿಗಳ ಕೆಲಸಕ್ಕೆ ಬೇರೆ ಪಟ್ಟಿ, ಬೇರೆ ಗಂಟೆ, ಕಾರಿನಿಂದ ಇಳಿದ ಮೇಲೆ ಮೊದಲ ಐದು ನಿಮಿಷ ಕಾಲ ಬಳಿಯೇ ನಡೆಸುವುದು. ನಾಯಿಗಳು ಇದನ್ನು ನಾವು ಅಂದುಕೊಳ್ಳುವುದಕ್ಕಿಂತ ಬೇಗ ಕಲಿಯುತ್ತವೆ.

ಉಂಗುರದ ವಿಷಯಕ್ಕೆ ಬರೋಣ. ಪಾಯಿಂಟಿಂಗ್ ನಾಯಿ ಇಟ್ಟುಕೊಂಡು ವುಡ್‌ಕಾಕ್ ಮರಿ ಹಿಡಿದು ಉಂಗುರ ಹಾಕುವ ಕ್ರಮವನ್ನು ಮಿಶಿಗನ್‌ನಲ್ಲಿ ಬೆಳೆಸಿದವರಲ್ಲಿ ಮುಖ್ಯ ಹೆಸರು ವನ್ಯಜೀವಿ ತಜ್ಞ ಆ್ಯಂಡಿ ಆಮನ್ ಅವರದು. 1960ರ ದಶಕದಿಂದ ಈ ರಾಜ್ಯದ ಸ್ವಯಂಸೇವಕರು ಇದನ್ನು ನಡೆಸಿಕೊಂಡು ಬಂದಿದ್ದಾರೆ. ನೆನಪಿಡಿ, ಇದು ಅನುಮತಿ ಇಲ್ಲದೆ ಮಾಡುವ ಕೆಲಸ ಅಲ್ಲವೇ ಅಲ್ಲ. ವಲಸೆ ಹಕ್ಕಿಗಳನ್ನು 1918ರ ಕಾಯ್ದೆ ಕಾಪಾಡುತ್ತದೆ. ಮರಿಯನ್ನು ಕೈಯಲ್ಲಿ ಎತ್ತಿಕೊಳ್ಳುವುದೂ ಅಪರಾಧ. ಮೇರಿಲ್ಯಾಂಡಿನಲ್ಲಿರುವ ಕೇಂದ್ರದ ಬರ್ಡ್ ಬ್ಯಾಂಡಿಂಗ್ ಲ್ಯಾಬೊರೇಟರಿಯ ಪರವಾನಗಿ ಬೇಕು. ಹೊಸಬರು ಅನುಭವಿಗಳ ಕೈಕೆಳಗೆ ಕಲಿಯಬೇಕು. ಅದೂ ಅಲ್ಲದೆ ಏಪ್ರಿಲ್ ಮಧ್ಯದಿಂದ ಜುಲೈ ಮೊದಲ ವಾರದವರೆಗೆ ಕಾಡಿನ ಹಕ್ಕಿಗಳ ಮೇಲೆ ನಾಯಿ ಪಳಗಿಸುವುದಕ್ಕೆ ಈ ರಾಜ್ಯದಲ್ಲಿ ತಡೆ ಇದೆ. ‘ಉಂಗುರ ಹಾಕುವವರ ನಾಯಿ ಓಡಾಡುತ್ತಿದೆಯಲ್ಲ, ನನ್ನದೂ ಓಡಾಡಲಿ’ ಎನ್ನುವ ಹಾಗಿಲ್ಲ.

ಹವಾಮಾನ ನೋಡಿ ಹೊರಡಬೇಕು. ಇಲ್ಲಿ ಒಂದು ತೊಡಕಿದೆ. ನಾಯಿಯ ಮೂಗಿಗೆ ಒಳ್ಳೆಯ ಹೊತ್ತು ಒದ್ದೆ ಬೆಳಗು, ಇಬ್ಬನಿ ಇರುವಾಗ ವಾಸನೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಆದರೆ ಮರಿಗೆ ಅದು ಕೆಟ್ಟ ಹೊತ್ತು. ಮೊದಲ ದಿನಗಳಲ್ಲಿ ಮರಿಗೆ ತನ್ನ ಮೈ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ, ತಾಯಿಯ ಹೊಟ್ಟೆಯಡಿಯೇ ಅದಕ್ಕೆ ಕಂಬಳಿ. ಒದ್ದೆ ಹುಲ್ಲಿನಲ್ಲಿ ಹತ್ತು ನಿಮಿಷ ತಾಯಿ ಇಲ್ಲದೆ ಕೂತರೆ ನಡುಗಿ ಸೋತುಹೋಗಬಹುದು. ಹಾಗಾಗಿ ಮಳೆಯಲ್ಲಿ ಬೇಡ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬೇಡ, ಇಬ್ಬನಿ ಆರುವವರೆಗೆ ಬೇಡ. ನಾಯಿಗೆ ಸ್ವಲ್ಪ ಕಷ್ಟವಾಗಲಿ. ಹಕ್ಕಿಯ ಅನುಕೂಲ ಮೊದಲು, ಈ ಮಾತಿನಲ್ಲಿ ರಾಜಿ ಇಲ್ಲ.

ನಾಯಿ ನಿಂತಿತು ಎಂದುಕೊಳ್ಳಿ. ಅದರ ಬೆನ್ನ ಹಿಂದಿನಿಂದ ನುಗ್ಗಬೇಡಿ. ಪಕ್ಕದಿಂದ, ದೂರ ಬಳಸಿ ಬನ್ನಿ. ಪ್ರತಿ ಹೆಜ್ಜೆ ಇಡುವ ಮೊದಲು ಪಾದ ಇಡುವ ಜಾಗವನ್ನು ಕಣ್ಣಿಟ್ಟು ನೋಡಿ. ಹೆಣ್ಣು ಎದ್ದಾಗ ಅದು ಹೇಗೆ ಹಾರಿತು ಎನ್ನುವುದರಲ್ಲೇ ಮುಕ್ಕಾಲು ಸುದ್ದಿ ಇರುತ್ತದೆ. ಸರ್ರನೆ ಎದ್ದು ಮರದ ತುದಿ ದಾಟಿ ಹೋದರೆ ಅದು ಬರೀ ಒಂಟಿ ಹಕ್ಕಿ ಇರಬಹುದು. ಭಾರವಾದ ಹಾಗೆ, ಕಾಲು ಜೋತುಬಿಟ್ಟು, ಬಾಲ ಕೆಳಗೆ ಮಾಡಿ, ನೆಲದಿಂದ ಆರೇಳು ಅಡಿ ಎತ್ತರದಲ್ಲಿ ತಡವರಿಸುತ್ತಾ ಹೋಗಿ ಹತ್ತಿರದಲ್ಲೇ ಬಿದ್ದ ಹಾಗೆ ಇಳಿದರೆ, ನೀವು ಈಗ ಮರಿಗಳ ನಡುವೆ ನಿಂತಿದ್ದೀರಿ. ರೆಕ್ಕೆ ಮುರಿದಂತೆ ನಟಿಸಿ ನಿಮ್ಮನ್ನೂ ನಾಯಿಯನ್ನೂ ದೂರ ಸೆಳೆಯಲು ತಾಯಿ ಹೂಡಿದ ಆಟ ಅದು. ನಾಯಿಗೆ ವರ್ಷದ ಅತಿ ಕಷ್ಟದ ಪರೀಕ್ಷೆ ಇದೇ. ಹತ್ತು ಗಜ ಮುಂದೆ ‘ಗಾಯಗೊಂಡ’ ಹಕ್ಕಿ ಒದ್ದಾಡುತ್ತಿದೆ, ಹೋಗಬಾರದು. ಯಾವ ಪಂದ್ಯದ ಪಿಸ್ತೂಲೂ ಇಷ್ಟು ಆಸೆ ಹುಟ್ಟಿಸುವುದಿಲ್ಲ. ಮೊದಲ ವರ್ಷದ ನಾಯಿಯನ್ನು ಈ ಕೆಲಸಕ್ಕೆ ತರಬೇಡಿ ಎಂದು ಹೇಳುವುದು ಇದಕ್ಕೇ.

ಈಗ ನೀವು ಇದ್ದಲ್ಲೇ ನಿಲ್ಲಬೇಕು. ಜೊತೆಯವರು ನಾಯಿಯ ಕೊರಳಿಗೆ ಹಗ್ಗ ಹಾಕಿ, ಅದು ಬಂದ ದಾರಿಯಲ್ಲೇ ಹಿಂದಕ್ಕೆ ಕರೆದುಕೊಂಡು ಹೋಗಿ, ಇಪ್ಪತ್ತು ಮೂವತ್ತು ಹೆಜ್ಜೆ ದೂರದ ಮರಕ್ಕೆ ಕಟ್ಟಬೇಕು. ಅಷ್ಟರವರೆಗೆ ನೀವು ತಾಯಿ ಎದ್ದ ಜಾಗದಿಂದ ಕಣ್ಣು ತೆಗೆಯಕೂಡದು. ಮರಿಗಳು ಸಾಮಾನ್ಯವಾಗಿ ನಾಲ್ಕು. ಹತ್ತು ಹದಿನೈದು ಅಡಿಯೊಳಗೆ, ಕೆಲವೊಮ್ಮೆ ಒಂದಕ್ಕೊಂದು ಅಂಟಿ, ಕೆಲವೊಮ್ಮೆ ಚದುರಿ ಕೂತಿರುತ್ತವೆ. ಮರಿಯನ್ನು ಹುಡುಕಬೇಡಿ, ಮರಿಯ ಕಣ್ಣನ್ನು ಹುಡುಕಿ. ಎಲೆಗಳ ನಡುವೆ ಎಲ್ಲವೂ ಮಂಕು, ಆ ಒಂದು ಕಪ್ಪು ಗುಂಡು ಮಾತ್ರ ಹೊಳೆಯುತ್ತದೆ. ನೆಲವನ್ನು ಒಂದೊಂದು ಅಡಿಯ ಚೌಕ ಮಾಡಿಕೊಂಡು, ಕಾಲ ಬಳಿಯಿಂದ ಶುರು ಮಾಡಿ ಹೊರಕ್ಕೆ ನೋಡುತ್ತಾ ಹೋಗಿ. ಎಲ್ಲರೂ ದೂರದಿಂದ ಶುರು ಮಾಡುತ್ತಾರೆ, ಹೆಜ್ಜೆಯ ಪಕ್ಕದ ಮರಿ ಅದರಿಂದಲೇ ತಪ್ಪಿಹೋಗುತ್ತದೆ.

ವಾರದೊಳಗಿನ ಮರಿಯನ್ನು ಕೈಯಿಂದಲೇ ಮುಚ್ಚಿ ಎತ್ತಬಹುದು. ಹತ್ತು ದಿನ ದಾಟಿದ್ದು ಓಡುತ್ತದೆ, ಎರಡು ವಾರದ್ದು ಪತಂಗದ ಹಾಗೆ ಪಟಪಟನೆ ಸ್ವಲ್ಪ ದೂರ ಹಾರುತ್ತದೆ. ಅದಕ್ಕೆ ಉದ್ದ ಕೋಲಿನ, ಮೆತ್ತನೆಯ ಜಾಲದ ಬಲೆ ಬೇಕು. ಬಲೆಯನ್ನು ಮೇಲಿನಿಂದ ಬಡಿಯುವುದಲ್ಲ, ಮರಿಯ ಮೇಲೆ ಇಳಿಸುವುದು. ಹಿಡಿದವನ್ನೆಲ್ಲ ಒಂದೇ ಬಟ್ಟೆಯ ಚೀಲದಲ್ಲಿ ಒಟ್ಟಿಗೆ ಇಡಿ, ಒಂದಕ್ಕೊಂದು ಬಿಸಿ ಕೊಟ್ಟುಕೊಳ್ಳುತ್ತವೆ. ಗೂಡಿನಲ್ಲಿ ಆಗಷ್ಟೇ ಒಡೆದು ಮೈ ಆರದ ಮರಿಗಳು ಕಂಡರೆ ಮುಟ್ಟದೆ ತಕ್ಷಣ ಹಿಂದೆ ಸರಿಯಿರಿ.

ಮೊದಲ ಕೆಲಸ ಅಳತೆ. ಸಣ್ಣ ಪ್ಲಾಸ್ಟಿಕ್ ಅಳತೆಪಟ್ಟಿ ಸಾಕು, ಕೊಕ್ಕಿನ ತುದಿಯಿಂದ ಮೇಲೆ ತುಪ್ಪಳ ಶುರುವಾಗುವ ಗೆರೆಯವರೆಗೆ ಮಿಲಿಮೀಟರಿನಲ್ಲಿ. ಮೊಟ್ಟೆಯಿಂದ ಹೊರಬಂದಾಗ ಕೊಕ್ಕು ಸುಮಾರು 14 ಮಿ.ಮೀ. ಇರುತ್ತದೆ, ದಿನಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಹಾಗಾಗಿ ಅಳತೆಯಿಂದ 14 ಕಳೆದು ಎರಡರಿಂದ ಭಾಗಿಸಿದರೆ ಮರಿಯ ವಯಸ್ಸು ದಿನಗಳಲ್ಲಿ ಸಿಗುತ್ತದೆ. ಇಷ್ಟು ಸರಳವಾದ, ಇಷ್ಟು ಉಪಯೋಗದ ಲೆಕ್ಕ ಹಕ್ಕಿಲೋಕದಲ್ಲಿ ಕಡಿಮೆ. ಒಂದು ಉದಾಹರಣೆ ಮಾಡೋಣ. ಮೇ 8ಕ್ಕೆ ಹಿಡಿದ ಮರಿಯ ಕೊಕ್ಕು 30 ಮಿ.ಮೀ. ಅಂದರೆ 8 ದಿನ, ಏಪ್ರಿಲ್ 30ಕ್ಕೆ ಮೊಟ್ಟೆ ಒಡೆದಿದೆ. ಕಾವು ಸುಮಾರು 21 ದಿನ, ಅಂದರೆ ತಾಯಿ ಕಾವಿಗೆ ಕೂತದ್ದು ಏಪ್ರಿಲ್ 9ರ ಸುಮಾರಿಗೆ. ನಾಲ್ಕು ಮೊಟ್ಟೆ, ದಿನಕ್ಕೊಂದರಂತೆ ಎಂದರೆ ಮೊದಲ ಮೊಟ್ಟೆ ಏಪ್ರಿಲ್ 6ರ ಹೊತ್ತಿಗೆ ಬಿದ್ದಿದೆ.

ಈ ಲೆಕ್ಕವನ್ನು ಪಂದ್ಯದ ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ಏಪ್ರಿಲ್ ಎರಡನೆಯ ವಾರಾಂತ್ಯ ನಾವು ನಾಯಿ ಓಡಿಸುತ್ತಿರುವಾಗ, ಅದೇ ಕಾಡಿನಲ್ಲಿ ಹೆಣ್ಣುಗಳು ಆಗಲೇ ಮೊಟ್ಟೆಯ ಮೇಲಿವೆ. ಕಾವಿನ ಮೊದಲ ದಿನಗಳಲ್ಲಿ ಎಬ್ಬಿಸಿದರೆ ಈ ಹಕ್ಕಿ ಗೂಡನ್ನು ಬಿಟ್ಟೇ ಹೋಗುವ ಸಾಧ್ಯತೆ ಹೆಚ್ಚು, ಒಡೆಯುವ ದಿನ ಹತ್ತಿರವಾದಷ್ಟೂ ಗಟ್ಟಿಯಾಗಿ ಕೂರುತ್ತದೆ. ಅಂದರೆ ಪಂದ್ಯದ ದಿನಗಳೇ ಗೂಡಿಗೆ ಅತ್ಯಂತ ನಾಜೂಕಾದ ದಿನಗಳು. ಪಂದ್ಯ ನಿಲ್ಲಿಸಿ ಎಂದು ಹೇಳುತ್ತಿಲ್ಲ. ಪಾಯಿಂಟ್ ಆದಾಗ ಹೆಣ್ಣು ಕಾಲಡಿಯಿಂದ ಎದ್ದು, ನೆಲದಲ್ಲಿ ಕಂದು ಚುಕ್ಕೆಯ ಮೊಟ್ಟೆಗಳು ಕಂಡರೆ ಪಿಸ್ತೂಲು ಹಾರಿಸದೆ ನಾಯಿಯನ್ನು ಹಿಡಿದು ಹಿಂದೆ ಸರಿಯಿರಿ, ತೀರ್ಪುಗಾರರಿಗೆ ಹೇಳಿ, ಮುಂದಿನ ಜೋಡಿಗಳು ಆ ಜಾಗ ಬಳಸಿ ಹೋಗುವ ಹಾಗೆ ಮಾಡಿ. ನನ್ನ ಅಭಿಪ್ರಾಯದಲ್ಲಿ ಎಳೆ ಆಸ್ಪೆನ್ ದಟ್ಟವಾಗಿರುವ ದಾರಿಗಳ ಓಟವನ್ನು ಏಪ್ರಿಲ್ ಮೊದಲ ದಿನಗಳಿಗೇ ಮುಗಿಸಿಬಿಡುವುದು ಸರಿ. ಹಿಂದಿನ ವರ್ಷದ ಮರಿಗಳ ಕೊಕ್ಕಿನ ಅಳತೆಗಳೇ ಆ ತಾರೀಕನ್ನು ಹೇಳಿಕೊಡುತ್ತವೆ.

ಉಂಗುರ ಹಾಕುವುದನ್ನು ಹತ್ತಿರದಿಂದ ನೋಡೋಣ. ಉಂಗುರ ಅಲ್ಯೂಮಿನಿಯಂನದು, ಸಿ ಆಕಾರದಲ್ಲಿ ಬಾಯಿ ತೆರೆದುಕೊಂಡು, ಸರಣಿ ಸಂಖ್ಯೆಯಲ್ಲಿ ಪೋಣಿಸಿಕೊಂಡು ಬರುತ್ತದೆ. ಉಂಗುರ ಕೈಗೆ ತೆಗೆದುಕೊಂಡ ತಕ್ಷಣ, ಕಾಲಿಗೆ ಹಾಕುವ ಮೊದಲೇ, ಸಂಖ್ಯೆಯನ್ನು ಪುಸ್ತಕದಲ್ಲಿ ಬರೆಯಬೇಕು. ಹಾಕಿದ ಮೇಲೆ ಬರೆದರಾಯಿತು ಎಂದರೆ ಮರಿ ಜಾರಿ ಓಡಿದಾಗ ಸಂಖ್ಯೆಯೂ ಹೋಗುತ್ತದೆ. ಎಡ ಅಂಗೈಯಲ್ಲಿ ಮರಿಯನ್ನು ಬೆನ್ನು ಮೇಲಾಗಿ ಕೂರಿಸಿ, ತೋರುಬೆರಳು ಮತ್ತು ಹೆಬ್ಬೆರಳ ನಡುವೆ ಕಾಲು ಹಿಡಿಯಿರಿ. ಎದೆ ಅಮುಕಬೇಡಿ, ಹಕ್ಕಿ ಉಸಿರಾಡಲು ಎದೆ ಅಲ್ಲಾಡಲೇಬೇಕು. ಉಂಗುರದ ಇಕ್ಕಳದಲ್ಲಿ ಅಳತೆಗೆ ತಕ್ಕ ತೂತು ಇರುತ್ತದೆ. ಅದರಲ್ಲಿ ಉಂಗುರ ಕೂರಿಸಿ, ಕಾಲಿನ ಸುತ್ತ ತಂದು, ಬಾಯಿ ಕೂಡುವವರೆಗೆ ಒತ್ತಿ. ಆಮೇಲೆ ಇಕ್ಕಳವನ್ನು 90 ಡಿಗ್ರಿಯಷ್ಟು ತಿರುಗಿಸಿ ಇನ್ನೊಮ್ಮೆ ಮೆಲ್ಲಗೆ ಒತ್ತಿ. ಇದರಿಂದ ಎರಡು ತುದಿಗಳೂ ಸಮನಾಗಿ ಕೂರುತ್ತವೆ. ಉಗುರು ಆಡಿಸಿ ನೋಡಿ. ಸಂದು ಉಳಿದಿದ್ದರೆ ನಾರು, ಕಡ್ಡಿ ಸಿಕ್ಕಿಕೊಳ್ಳುತ್ತದೆ. ತುದಿಗಳು ಒಂದರ ಮೇಲೊಂದು ಏರಿದ್ದರೆ ಇನ್ನೂ ಕೆಟ್ಟದ್ದು, ಒಳಅಂಚು ಚರ್ಮವನ್ನು ಸವೆಸುತ್ತದೆ, ಬಿಡಿಸುವಾಗ ಕಾಲು ಮುರಿಯುವ ಭಯ. ಅದಕ್ಕೇ ಒಂದೇ ಸಲ ಜೋರಾಗಿ ಅದುಮಬಾರದು. ಸರಿಯಾಗಿ ಕೂತ ಉಂಗುರ ಕಾಲಿನ ಸುತ್ತ ತಿರುಗಬೇಕು, ಮೇಲೆ ಕೆಳಗೆ ಜಾರಬೇಕು, ಕೀಲು ದಾಟಬಾರದು. ಈ ಹಕ್ಕಿಯ ಮರಿಗೆ ಎಳವೆಯಲ್ಲೇ ಕಾಲು ದಪ್ಪವಾಗಿರುತ್ತದೆ, ಅದರಿಂದಲೇ ದೊಡ್ಡ ಹಕ್ಕಿಯ ಉಂಗುರವೇ ಅದಕ್ಕೂ ನಿಲ್ಲುತ್ತದೆ.

ಪುಸ್ತಕದಲ್ಲಿ ಸಂಖ್ಯೆ, ತಾರೀಕು, ಜಾಗ, ಕೊಕ್ಕಿನ ಅಳತೆ, ಒಟ್ಟು ಎಷ್ಟು ಮರಿ ಕಂಡವು, ಎಷ್ಟು ಹಿಡಿದಿರಿ, ಇಷ್ಟು. ಕಂಡದ್ದಕ್ಕೂ ಹಿಡಿದದ್ದಕ್ಕೂ ಬೇರೆಬೇರೆ ಕಲಂ ಇರಲಿ. ಎಲ್ಲ ಮುಗಿದ ಮೇಲೆ ಮರಿಗಳನ್ನು ಹಿಡಿದ ಜಾಗದಲ್ಲೇ ಒಟ್ಟಿಗೆ ಇಟ್ಟು, ಅಂಗೈಯನ್ನು ಅವುಗಳ ಮೇಲೆ ಕೆಲವು ಸೆಕೆಂಡು ಮುಚ್ಚಿ ಹಿಡಿದು ತೆಗೆಯಿರಿ. ಕತ್ತಲಾದ ಕೂಡಲೇ ಸುಮ್ಮನಾಗುತ್ತವೆ. ನಾಯಿ ನಿಂತ ಗಳಿಗೆಯಿಂದ ನೀವು ಹೊರಟ ಗಳಿಗೆಗೆ ಅರ್ಧ ಗಂಟೆ ಮೀರಕೂಡದು, ಕಡಿಮೆಯಾದಷ್ಟೂ ಒಳ್ಳೆಯದು. ತಾಯಿ ಎಲ್ಲೋ ಹತ್ತಿರದಲ್ಲೇ ಕಾಯುತ್ತಿರುತ್ತದೆ.

ಇಷ್ಟೆಲ್ಲ ಯಾಕೆ ಎಂದರೆ, ಈ ಉಂಗುರಗಳಲ್ಲಿ ಕೆಲವು ಮುಂದೆ ಶರತ್ಕಾಲದ ಬೇಟೆಗಾರರ ಕೈಗೆ, ಇಲ್ಲೇ ಅಥವಾ ಚಳಿಗಾಲ ಕಳೆಯುವ ಲೂಸಿಯಾನಾದ ಕಡೆ, ಸಿಗುತ್ತವೆ. ಅವರು ಸಂಖ್ಯೆಯನ್ನು ವರದಿ ಮಾಡಿದರೆ ಮರಿ ಎಷ್ಟು ಬದುಕಿತು, ಎಲ್ಲಿಗೆ ಹೋಯಿತು, ಹುಟ್ಟಿದ ಕಾಡಿಗೇ ವಾಪಸು ಬಂತೇ ಎನ್ನುವುದು ತಿಳಿಯುತ್ತದೆ. ಸಂಜೆಯ ಗಣತಿಯಲ್ಲಿ ಕೂಗುವ ಗಂಡುಗಳ ಸಂಖ್ಯೆ ಮಾತ್ರ ಸಿಗುತ್ತದೆ. ಹೆಣ್ಣು ಮತ್ತು ಮರಿಯ ಕಥೆ ಉಂಗುರದಿಂದಲೇ ಬರಬೇಕು.

ನಾಯಿಯ ಆರೋಗ್ಯದ ಬಗ್ಗೆ ಎರಡು ಮಾತು. ಮಲೆನಾಡಿನಿಂದ ಬಂದವರಿಗೆ ಉಣುಗು ಎಂದರೆ ಬಿಡಿಸಿ ಹೇಳಬೇಕಿಲ್ಲ, ಮಂಗನಕಾಯಿಲೆ ನೋಡಿದ ಊರುಗಳು ನಮ್ಮವು. ಇಲ್ಲಿನ ಉಣುಗು ಲೈಮ್ ಕಾಯಿಲೆ ತರುತ್ತದೆ, ನಾಯಿಗೂ ನಿಮಗೂ. ಮನೆಗೆ ಹೋಗುವ ಮೊದಲು ಕಾಡಿನಂಚಿನಲ್ಲೇ ನಾಯಿಯ ಕಿವಿಯ ಒಳಗೆ, ಬೆರಳುಗಳ ಸಂದು, ಕಂಕುಳು, ಬಾಲದ ಬುಡ ತಡವಿ ನೋಡಿ. ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು ನೇರವಾಗಿ ಎಳೆಯಿರಿ. ಸುಡುವುದು, ಎಣ್ಣೆ ಹಚ್ಚುವುದು ಬೇಡ. ಮುಳ್ಳುಹಂದಿಯ ಮುಳ್ಳು ಚುಚ್ಚಿಕೊಂಡರೆ ಕತ್ತರಿಸಬೇಡಿ, ಇಕ್ಕಳದಿಂದ ಬುಡದಲ್ಲಿ ಹಿಡಿದು ನೇರಕ್ಕೆ ಎಳೆಯಿರಿ. ಬಾಯೊಳಗೆ, ಕಣ್ಣಿನ ಹತ್ತಿರ ಇದ್ದರೆ ಅಲ್ಲೇ ಒದ್ದಾಡದೆ ವೈದ್ಯರ ಹತ್ತಿರ ಓಡಿ. ಆ ಮುಳ್ಳಿನ ತುದಿಯಲ್ಲಿ ಹಿಂಬದಿಗೆ ಮುಖ ಮಾಡಿದ ಸಣ್ಣ ಕೊಕ್ಕೆಗಳಿವೆ, ಬಿಟ್ಟಷ್ಟೂ ಒಳಕ್ಕೆ ನಡೆಯುತ್ತದೆ. ಹಳೆಯ ಹೊಲಗಳಲ್ಲಿ ಎಲೆಯಡಿ ಹುದುಗಿದ ಮುಳ್ಳುತಂತಿ ಇರುತ್ತದೆ, ಎದೆ ಹೊಟ್ಟೆಯ ಅಡಿ ಕೈಯಾಡಿಸಿ ನೋಡಿ. ಕೂದಲ ಮರೆಯಲ್ಲಿ ಸೀಳು ಕಾಣುವುದೇ ಇಲ್ಲ.

ಮುಂದಿನ ವಸಂತಕ್ಕೆ ನಿಮ್ಮಲ್ಲಿ ಯಾರಿಗಾದರೂ ಬರಬೇಕೆನಿಸಿದರೆ, ಮೊದಲ ವರ್ಷ ನಾಯಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಉಂಗುರ ಹಾಕುವವರ ಹಿಂದೆ ನಡೆದು, ಪುಸ್ತಕ ಬರೆಯುವ ಕೆಲಸ ತೆಗೆದುಕೊಳ್ಳಿ. ಎಲೆಯ ನಡುವೆ ಕಣ್ಣು ಕಾಣುವುದನ್ನು ಕಲಿಯುವುದಕ್ಕೇ ಒಂದು ಋತು ಬೇಕು.

ಮೂರು ಮರಿ ಸಿಕ್ಕಿ ನಾಲ್ಕನೆಯದು ಎಷ್ಟು ಹುಡುಕಿದರೂ ಕಾಣದಿದ್ದರೆ ಏನು ಮಾಡುವುದು ಎಂದು ಆಗಲೇ ಒಬ್ಬರು ಕೇಳಿದರು. ಒಂದು ಮೊಟ್ಟೆ ಒಡೆಯದೇ ಉಳಿದಿರಬಹುದು, ಒಂದು ಮರಿ ಮೊದಲೇ ಸತ್ತಿರಬಹುದು. ಆದರೆ ಅದು ಇದೆ, ನಿಮ್ಮ ಪಾದದ ಪಕ್ಕದಲ್ಲೇ ಇದೆ ಎಂದುಕೊಂಡೇ ನಡೆದುಕೊಳ್ಳಬೇಕು. ಮತ್ತೆ ನಾಯಿ ತಂದು ಮೂಸಿಸಬೇಡಿ, ಎಲೆ ಕೆದಕಬೇಡಿ. ಪುಸ್ತಕದಲ್ಲಿ ಮೂರು ಎಂದು ಬರೆಯಿರಿ, ಮೂರನ್ನೂ ಇದ್ದಲ್ಲೇ ಇಡಿ, ಒಳಗೆ ಬರುವಾಗ ಇಟ್ಟ ಹೆಜ್ಜೆಗುರುತುಗಳ ಮೇಲೆಯೇ ಒಂದೊಂದಾಗಿ ಕಾಲಿಡುತ್ತಾ ಹಿಂದಕ್ಕೆ ಬನ್ನಿ.